ಕುತ್ತಿಗೆಯವರೆಗೆ ದೇವತೆ

ಆಂಬ್ರೋಸ್ ಹ್ಯಾಲೆಟ್ ತೀರಿಕೊಂಡ ಮೇಲೆ ಅವನ ಸ್ಟುಡಿಯೊದಲ್ಲಿ ಉಳಿದದ್ದೆಲ್ಲ ಮನೆಯವರಿಗೆ ಗೊತ್ತಿದ್ದ ಸಾಮಾನೇ. ಕೈಯಿಲ್ಲದ ಗ್ರೀಕ್ ದೇವತೆಗಳ ಪ್ಲಾಸ್ಟರ್ ನಕಲುಗಳು, ಮಾಡಿಸಿಕೊಂಡವರು ಒಯ್ಯದೆ ಬಿಟ್ಟ ಒಬ್ಬ ಮೇಯರನ ತಲೆ, ಯಾವುದೋ ಸೇನಾಪತಿಯ ಕುದುರೆಯ ಮುಂಗಾಲು, ಒಣಗಿ ಬಿರುಕುಬಿಟ್ಟ ಜೇಡಿಮಣ್ಣಿನ ತೊಟ್ಟಿ. ಗೊತ್ತಿಲ್ಲದ್ದು ಒಂದೇ ಒಂದಿತ್ತು. ಅದು ಕಿಟಕಿಯ ಕೆಳಗಿನ ಹಲಗೆಯ ಮೇಲೆ ಹಳೆಯ ಕಂಬಳಿ ಹೊದ್ದು ಕೂತಿತ್ತು.

ಅವನ ಹೆಂಡತಿ ಡೋರ್ಕಸ್ ಕಂಬಳಿ ಎತ್ತಿ ನೋಡಿದಳು. ಕುಂಬಳಕಾಯಿ ಗಾತ್ರದ, ಉಬ್ಬುತಗ್ಗಿನ ಬಿಳಿ ಪ್ಲಾಸ್ಟರ್ ಉಂಡೆ. ಅದೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶಿಲ್ಪಿ ಮೊದಲು ಜೇಡಿಮಣ್ಣಿನಲ್ಲಿ ತಲೆ ಮಾಡುತ್ತಾನೆ. ಮಣ್ಣು ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಹಸಿಯಿರುವಾಗಲೇ ಅದರ ಮೇಲೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆಯುತ್ತಾರೆ. ಮೊದಲ ತೆಳುಪದರಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸಿರುತ್ತಾರೆ, ಅದರ ಮೇಲಿನ ದಪ್ಪ ಪದರ ಬಿಳಿ. ಅಚ್ಚು ಗಟ್ಟಿಯಾದ ಮೇಲೆ ಬಿಡಿಸಿ, ಮಣ್ಣನ್ನು ಅಗೆದು ತೆಗೆದು, ಮತ್ತೆ ಜೋಡಿಸಿ, ಒಳಗಿನ ಟೊಳ್ಳಿಗೆ ಹೊಸ ಪ್ಲಾಸ್ಟರ್ ಸುರಿಯುತ್ತಾರೆ. ಆಮೇಲೆ ಉಳಿ ಹಿಡಿದು ಹೊರಗಿನ ಅಚ್ಚನ್ನು ಚೂರುಚೂರಾಗಿ ಒಡೆದುಹಾಕಬೇಕು. ಬಿಳಿ ಕಳೆದು ನೀಲಿ ಕಂಡಿತೆಂದರೆ ಮುಖ ಹತ್ತಿರ ಬಂತೆಂದು ಅರ್ಥ. ಅಲ್ಲಿಂದ ಮುಂದೆ ಉಸಿರು ಬಿಗಿಹಿಡಿದು ಕೆಲಸ. ಕೊನೆಗೆ ಮಣ್ಣೂ ಇಲ್ಲ, ಅಚ್ಚೂ ಇಲ್ಲ, ಉಳಿಯುವುದು ಒಂದೇ ಒಂದು ಮುಖ. ಇಲ್ಲಿ ಸುರಿಯುವವರೆಗಿನ ಕೆಲಸವೆಲ್ಲ ಮುಗಿದಿತ್ತು. ಒಡೆಯುವುದಷ್ಟೇ ಬಾಕಿಯಿತ್ತು.

ಅಂದರೆ ಒಳಗೊಂದು ತಲೆಯಿದೆ. ಯಾರದು?

ಡೋರ್ಕಸ್ ಕಂಬಳಿಯನ್ನು ಮತ್ತೆ ಹೊದಿಸಿ ಹೊರಗೆ ಬಂದಳು. ಅಷ್ಟು ಹೊತ್ತಿಗೆ ತಲೆಯೊಳಗೆ ಹುಳ ಹೊಕ್ಕಾಗಿತ್ತು. ಹೊಗದೆ ಏನು ಮಾಡೀತು? ಆಂಬ್ರೋಸ್ ತನ್ನ ಕೊನೆಯ ಚಳಿಗಾಲವನ್ನು ಕಳೆದ ರೀತಿಯೇ ಹಾಗಿತ್ತು. ಮದುವೆಯಾದಂದಿನಿಂದ ಒಮ್ಮೆಯೂ ಸ್ಟುಡಿಯೊದ ಬಾಗಿಲು ಹಾಕಿಕೊಳ್ಳದಿದ್ದವನು ಆ ಚಳಿಗಾಲದಲ್ಲಿ ಒಳಗಿನಿಂದ ಚಿಲಕ ಹಾಕತೊಡಗಿದ್ದ. ಕೇಳಿದರೆ, ಚಳಿ ಎನ್ನುತ್ತಿದ್ದ. ಬೆಳಗಿನ ತಿಂಡಿಯ ಮೇಜಿನಲ್ಲಿ ತನ್ನ ಕುರ್ಚಿ ಬದಲಿಸಿದ. ಯಾವಾಗಲೂ ಎದುರಿಗೆ ಕೂರುತ್ತಿದ್ದವನು ಅವಳ ಎಡಗಡೆಗೆ ಬಂದು ಕೂತ. ಕಿಟಕಿಯಿಂದ ಗಾಳಿ ಹೊಡೆಯುತ್ತದೆ ಎಂದ. ಅವಳು ತಿರುಗಿ, ಏನು ನೋಡ್ತಾ ಇದ್ದೀಯ ಎಂದರೆ, ಏನಿಲ್ಲ, ಆ ಮಾರ್ಮಲೇಡ್ ಇತ್ತ ಕೊಡು ಎನ್ನುತ್ತಿದ್ದ. ಅದೇ ತಿಂಗಳಲ್ಲಿ ಒಗೆಯುವ ಕೋಣೆಯ ಕಪಾಟಿನಿಂದ ಬಟ್ಟೆಯ ನೀಲಿ ಪೂರ್ತಿ ಮಾಯವಾಗಿ, ಡೋರ್ಕಸ್ ಕೆಲಸದ ಟಿಲ್ಲಿಯನ್ನು ಗದರಿಸಿ, ಟಿಲ್ಲಿ ಒಂದು ವಾರ ಗಂಟುಮುಖ ಹಾಕಿಕೊಂಡು ಗಂಜಿ ಸೀಯಿಸಿದ್ದಳು. ಕಳ್ಳ ಯಾರೆಂದು ಕಂಬಳಿ ಎತ್ತಿದ ದಿನ ತಿಳಿಯಿತು.

ಇವೆಲ್ಲಕ್ಕಿಂತ ಹೆಚ್ಚಾಗಿ ಮಿಸ್ ಐರಿಸ್ ವೋಸ್ಪರ್ ಇದ್ದಳು. ಅವಳು ಮಾಡೆಲ್. ಕೆಂಚುಗೂದಲು, ಉದ್ದನೆಯ ಕುತ್ತಿಗೆ, ತುದಿಯಲ್ಲಿ ಚೂರು ಮೇಲೆದ್ದ ಪುಟ್ಟ ಮೂಗು. ಗುರುವಾರ ಬಂದರೆ ಸಾಕು, ಕೊಡೆ ಹಿಡಿದುಕೊಂಡು ತೋಟದ ಬಾಗಿಲಿನಿಂದ ಒಳಗೆ ಬರುತ್ತಿದ್ದಳು; ಮಧ್ಯಾಹ್ನದ ಚಹಾ ಹೊತ್ತಿಗೆ ಹೋಗುತ್ತಿದ್ದಳು. ಕೈ ನಡುಗುವ, ಯಾರೂ ಕೆಲಸ ಕೊಡದ ಮುದುಕನಿಗೆ ಮಾಡೆಲ್ ಯಾಕೆ ಬೇಕಾಯಿತೆಂದು ಡೋರ್ಕಸ್ ಕೇಳಿರಲಿಲ್ಲ. ಕೇಳಿದರೆ ಸಣ್ಣವಳಾಗುತ್ತೇನೆ ಎಂಬ ಬಿಗುಮಾನ. ಈಗ ಕೇಳೋಣವೆಂದರೆ ಉತ್ತರ ಹೇಳಬೇಕಾದವನು ಲಂಡನ್ನಿನ ಫುಲ್‌ಹ್ಯಾಮ್ ಸ್ಮಶಾನದಲ್ಲಿ ಮಲಗಿದ್ದ.

ನಿಮಗೆ ಅನ್ನಿಸಬಹುದು, ಅರವತ್ತರ ಹತ್ತಿರದ ಹೆಂಗಸಿಗೆ ಇದೆಂಥ ಹೊಟ್ಟೆಕಿಚ್ಚು ಎಂದು. ಹೊಟ್ಟೆಕಿಚ್ಚು ಅದರಲ್ಲಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವಳನ್ನು ಕೊರೆಯುತ್ತಿದ್ದದ್ದು ಅದಕ್ಕಿಂತ ಹಳೆಯ ಒಂದು ಮಾತು.

ಆಂಬ್ರೋಸ್ ಡಾರ್ಸೆಟ್ ಕರಾವಳಿಯವನು, ಗೋರಿಕಲ್ಲು ಕೆತ್ತುವವನ ಮಗ. ಅಪ್ಪನ ಉಳಿಗಳನ್ನು ಚೀಲದಲ್ಲಿ ಹಾಕಿಕೊಂಡು ಲಂಡನ್ನಿಗೆ ಬಂದು, ಹಗಲು ಬೇರೆಯವರ ಕಟ್ಟಡಗಳಿಗೆ ಕಲ್ಲಿನ ಬಳ್ಳಿ ಕೆತ್ತುತ್ತ, ಸಂಜೆ ಕಲಾಶಾಲೆಗೆ ಹೋಗುತ್ತ, ಕೆನ್ನಿಂಗ್ಟನ್ನಿನ ಒಂದು ಬಾಡಿಗೆಕೋಣೆಯಲ್ಲಿದ್ದ. ಆ ಮನೆಯವರ ಮಗಳೇ ಡೋರ್ಕಸ್. ಮದುವೆಯಾದ ಹೊಸದರಲ್ಲಿ ಕೈಯಲ್ಲಿ ಏನೂ ಇಲ್ಲ. ಮಾಡೆಲ್ಲಿಗೆ ಕೊಡಲು ಗತಿಯಿಲ್ಲದ್ದರಿಂದ ಹೆಂಡತಿಯೇ ನಿಂತಳು. ಅಚ್ಚು ತೆಗೆಯುವವನನ್ನು ಕರೆಸಲೂ ಗತಿಯಿಲ್ಲ. ಆ ಕೆಲಸದಲ್ಲೂ ಅವಳದೇ ಅರ್ಧ ಪಾಲು. ಟೊಳ್ಳು ಅಚ್ಚಿನ ಒಳಗೆಲ್ಲ ಮೆತ್ತನೆಯ ಸಾಬೂನು ಸವರಿ, ಒರೆಸಿ, ಮತ್ತೆ ಸವರಿ, ಕೊನೆಗೆ ಎಣ್ಣೆ ಕೈಯಾಡಿಸುವುದು ಅವಳ ಕೆಲಸ. ಅದು ಇಲ್ಲದಿದ್ದರೆ ಪ್ಲಾಸ್ಟರಿಗೆ ಪ್ಲಾಸ್ಟರ್ ಕಚ್ಚಿಕೊಳ್ಳುತ್ತದೆ. ಬೇಸರದ ಕೆಲಸ, ಕೈ ಒಡೆಯುವ ಕೆಲಸ. ನನ್ನ ಡೋರ್ಕಸ್ ಕಣ್ಣು ಮುಚ್ಚಿಕೊಂಡೇ ಸಾಬೂನು ಹಚ್ಚುತ್ತಾಳೆ ಎಂದು ಆಂಬ್ರೋಸ್ ಗೆಳೆಯರ ಮುಂದೆ ಜಂಬ ಕೊಚ್ಚುತ್ತಿದ್ದ. ತಾನು ಮಾತ್ರ ಬ್ರಷ್ ಮುಟ್ಟುತ್ತಿರಲಿಲ್ಲ.

ಮೊದಲು ಹೆಸರು ತಂದದ್ದು 'ಭರವಸೆ' ಎಂಬ ಪ್ರತಿಮೆ. ಬೇಸಗೆಯ ಪ್ರದರ್ಶನದಲ್ಲಿ ಜನ ಅದರ ತೋಳುಗಳನ್ನು ಹೊಗಳಿದರು. ತೋಳು ಡೋರ್ಕಸಳದು. ಅಲ್ಲಿಂದ ಮುಂದೆ ಆಂಬ್ರೋಸ್ ಹಿಂತಿರುಗಿ ನೋಡಲಿಲ್ಲ. ಗಿರಣಿ ಊರುಗಳ ಪುರಭವನಕ್ಕೆ 'ನ್ಯಾಯ', ಬಂದರಿಗೆ 'ವಾಣಿಜ್ಯ', ಬ್ಯಾಂಕಿನ ನೆತ್ತಿಗೆ 'ಮಿತವ್ಯಯ', ದಕ್ಷಿಣ ಆಫ್ರಿಕಾದ ಯುದ್ಧ ಮುಗಿದ ಮೇಲೆ ಚೌಕಚೌಕಕ್ಕೂ 'ವಿಜಯ'. ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ಪಾರಿವಾಳಗಳು ಕೂರುತ್ತಿದ್ದದ್ದು ಡೋರ್ಕಸಳ ಭುಜದ ಮೇಲೆ. ಮುಖ ಮಾತ್ರ ಅವಳದಲ್ಲ. ಚಿಕ್ಕವಳಿದ್ದಾಗ ಅಂಗಳದ ಗೇಟು ಬಡಿದು ಅವಳ ಮೂಗಿನ ಮಧ್ಯೆ ಒಂದು ಗಂಟು ಎದ್ದಿತ್ತು. ಆ ಕಾಲದ ಶಿಲ್ಪಿಗಳ ಕಟ್ಟುಪಾಡಿನಲ್ಲಿ ಸದ್ಗುಣಗಳಿಗೆಲ್ಲ ಗ್ರೀಕ್ ಮೂಗೇ ಆಗಬೇಕು. ಹಣೆಯಿಂದ ತುದಿಯವರೆಗೆ ದಾರ ಹಿಡಿದಂತೆ ನೇರ ಇಳಿಯಬೇಕು. ಮೂಗು ಗಂಟಾದರೆ ಅದು ನ್ಯಾಯವೂ ಅಲ್ಲ, ವಿಜಯವೂ ಅಲ್ಲ. ಆಂಬ್ರೋಸ್ ಕುತ್ತಿಗೆಯವರೆಗೆ ಹೆಂಡತಿಯನ್ನು ನೋಡಿ ಮಾಡಿ, ಅಲ್ಲಿಂದ ಮೇಲಕ್ಕೆ ಗೋಡೆಯ ಮೇಲಿನ ಪ್ಲಾಸ್ಟರ್ ದೇವತೆಗಳ ಕಡೆ ತಿರುಗುತ್ತಿದ್ದ.

ಒಮ್ಮೆ ಮನೆಯಲ್ಲಿ ದೊಡ್ಡ ಊಟ. ಹಂದಿಯ ತೊಡೆಮಾಂಸ, ಒಳ್ಳೆಯ ವೈನು, ನಾಲ್ಕಾರು ಹೆಸರಾಂತ ಶಿಲ್ಪಿಗಳು. ಯಾರೋ 'ವಿಜಯ'ದ ಭುಜವನ್ನು ಹೊಗಳಿದಾಗ ಆಂಬ್ರೋಸ್ ಲೋಟ ಎತ್ತಿ ಹೇಳಿದ್ದ: "ನನ್ನ ಹೆಂಡ್ತಿ ಇದಾಳಲ್ಲ, ಕುತ್ತಿಗೆವರೆಗೂ ದೇವತೆ."

ಮೇಜೆಲ್ಲ ನಕ್ಕಿತು. ಡೋರ್ಕಸಳೂ ನಕ್ಕಳು, ಪುಡಿಂಗ್ ಬಡಿಸಿದಳು. ಹೇಳಿದವನು ಮರುದಿನವೇ ಮರೆತ. ಅವಳು ಮರೆಯಲಿಲ್ಲ. ಮದುವೆಯ ಬೆಳ್ಳಿಹಬ್ಬದ ವರ್ಷ ಒಮ್ಮೆ ಬಾಯಿಬಿಟ್ಟು, ನನ್ನದೊಂದು ತಲೆ ಮಾಡು ಎಂದು ಕೇಳಿಯೂ ಕೇಳಿದಳು. ಆಂಬ್ರೋಸ್ ಗಡ್ಡ ಕೆರೆದುಕೊಂಡು, ಮೇಯರುಗಳ ಸಾಲೇ ನಿಂತಿದೆ, ಇರು ನೋಡೋಣ ಎಂದ. ಆಮೇಲೆ ಮಹಾಯುದ್ಧ ಬಂತು. ಯುದ್ಧ ಮುಗಿದ ಮೇಲೆ ಊರೂರಿಗೂ ತಲೆ ತಗ್ಗಿಸಿ ನಿಂತ ಸಿಪಾಯಿಗಳು ಬೇಕಾದರು. ಅವೂ ಮುಗಿಯುವ ಹೊತ್ತಿಗೆ ಕಾಲ ಮಗುಚಿತ್ತು. ಹೊಸ ಹುಡುಗರು ಮಣ್ಣು ಮುಟ್ಟದೆ ನೇರವಾಗಿ ಕಲ್ಲಿಗೆ ಉಳಿಯಿಡುತ್ತಿದ್ದರು. ಆಂಬ್ರೋಸನಂಥವರನ್ನು ಮಣ್ಣು ಮೆತ್ತೋ ಅಜ್ಜಂದಿರು ಎಂದು ಆಡಿಕೊಳ್ಳುತ್ತಿದ್ದರು. ಕೆಲಸ ನಿಂತಿತು, ಕೈ ನಡುಗಿತು. ಆ ಮೇಲೆಯೇ ಬಂದದ್ದು ಬಾಗಿಲಿಗೆ ಚಿಲಕ ಬಿದ್ದ ಚಳಿಗಾಲ.

ಆದ್ದರಿಂದ ಕಂಬಳಿಯ ಕೆಳಗಿನ ತಲೆ ಐರಿಸಳದಾದರೆ ಆ ಮಾತು ನಿಜವೆಂದೇ ಆಯಿತು: ಈ ಮನುಷ್ಯ ಸಾಯುವವರೆಗೂ ತನ್ನ ಹೆಂಡತಿಯನ್ನು ಕುತ್ತಿಗೆಯಿಂದ ಮೇಲಕ್ಕೆ ನೋಡಲೇ ಇಲ್ಲ. ಡೋರ್ಕಸಳಿಗೆ ಗೊತ್ತಾಗಬೇಕಾದದ್ದು ಇಷ್ಟೇ. ಅದು ಗೊತ್ತಾಗದೆ ಅವಳಿಗೆ ಗಂಡನಿಗಾಗಿ ಅಳಲೂ ಆಗುತ್ತಿರಲಿಲ್ಲ.

ಏಪ್ರಿಲ್ ಬಂದು ಸ್ಟುಡಿಯೊದ ಗಾಜಿನ ಮಾಡಿನಿಂದ ಒಳ್ಳೆಯ ಬೆಳಕು ಬೀಳತೊಡಗಿದಾಗ ಅವಳು ನಾರ್ದಿನಿಗೆ ಹೇಳಿಕಳಿಸಿದಳು. ಚೆಸಾರೆ ನಾರ್ದಿನಿ ಇಟಲಿಯ ಲುಕ್ಕಾ ಕಡೆಯ ಬೆಟ್ಟದವನು. ಲಂಡನ್ನಿನ ಶಿಲ್ಪಿಗಳಿಗೆ ಅಚ್ಚು ತೆಗೆದುಕೊಡುವವರಲ್ಲಿ ಬಹುಪಾಲು ಆ ಕಡೆಯವರೇ. ಆಂಬ್ರೋಸನಿಗೆ ನಾಲ್ಕು ಕಾಸು ಕೂಡಿದಂದಿನಿಂದ ಅವನ ಎಲ್ಲ ಅಚ್ಚುಗಳೂ ನಾರ್ದಿನಿಯ ಕೈಯಲ್ಲೇ ಆಗುತ್ತಿದ್ದವು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಅವನು ಕಂಬಳಿ ಸರಿಸಿ, ಉಂಡೆಯ ಸುತ್ತ ಒಂದು ಸುತ್ತು ಬಂದು, ಮುಖ ಹುಳ್ಳಗೆ ಮಾಡಿದ.

"ಇದನ್ನ ಮಾಡಿದ್ಯಾರು, ಸಿನ್ಯೋರಾ?"

"ಅವನೇ. ಒಬ್ಬನೇ."

"ಅದೇ ಅಂದ್ಕೊಂಡೆ. ರೊಟ್ಟಿ ಹಿಟ್ಟು ಮೆತ್ತಿದಂಗಿದೆ. ಇಷ್ಟು ವರ್ಷ ನನ್ನ ಕೈಲಿ ಮಾಡಿಸಿ, ಈಗ ನನ್ನ ಬಿಟ್ಟು ಮಾಡಿದಾರೆ ಅಂದ್ರೆ ನನ್ನ ಬಾಯಿಗೆ ಹೆದರಿರಬೇಕು."

"ನಿಮ್ಮ ಬಾಯಿಗೆ ಫುಲ್‌ಹ್ಯಾಮ್ ಪೂರ್ತಿ ಹೆದರುತ್ತೆ, ನಾರ್ದಿನಿ. ಶುರು ಮಾಡಿ."

ಅವನು ಕೋಟು ಕಳಚಿ, ಮೊಂಡು ಉಳಿಯನ್ನು ಆರಿಸಿ, ಕತ್ತಿನ ಹಿಂಭಾಗದಿಂದ ತೊಡಗಿದ. ತಪ್ಪಿದರೆ ಕೂದಲಲ್ಲಿ ಮುಚ್ಚಿಹೋಗಲಿ ಎಂದು ಅಲ್ಲಿಂದಲೇ ತೊಡಗುವುದು ವಾಡಿಕೆ. ಬಿಳಿ ಪದರ ತುಂಡುತುಂಡಾಗಿ ಬಿತ್ತು. ನೀಲಿ ಕಂಡಿತು. ಡೋರ್ಕಸ್ ಕುರ್ಚಿ ಹತ್ತಿರ ಎಳೆದುಕೊಂಡಳು. ಇನ್ನು ಬೆಂದ ಮೊಟ್ಟೆಯ ಸಿಪ್ಪೆ ಬಿಟ್ಟಂತೆ ನೀಲಿ ತಾನಾಗಿ ಕಳಚಿಕೊಳ್ಳಬೇಕು. ನಾರ್ದಿನಿ ಮೆಲ್ಲಗೆ ಒಂದು ಪೆಟ್ಟು ಹಾಕಿದ. ನೀಲಿ ಕಳಚಲಿಲ್ಲ. ಅವನು ಉಳಿಯನ್ನು ಓರೆ ಹಿಡಿದು ಮತ್ತೊಂದು ಹಾಕಿದ. ಒಂದು ಹಿಡಿಯಷ್ಟು ದಪ್ಪ ತುಂಡು ಕಿತ್ತುಬಂತು. ಹೊರಗೆ ನೀಲಿ, ಒಳಗೆ ಬಿಳಿ, ನಡುವೆ ಬಿರುಕೆಂಬುದೇ ಇಲ್ಲ. ಕತ್ತಿನಲ್ಲಿ ಗುಂಡಿ ಬಿತ್ತು.

ನಾರ್ದಿನಿ ತುಂಡನ್ನು ಬೆಳಕಿಗೆ ಹಿಡಿದ. ಬೆರಳಿಗೆ ಎಂಜಲು ಹಚ್ಚಿ ತಿಕ್ಕಿ ನೋಡಿದ. ಇನ್ನೊಂದು ಕಡೆ ಕೊರೆದು ನೋಡಿದ, ಅಲ್ಲೂ ಹಾಗೆಯೇ. ಆಮೇಲೆ ಉಳಿಯನ್ನು ಕೆಳಗಿಟ್ಟು ಮಣ್ಣಿನ ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟ. ಅವನು ಬಾಯಿ ತೆರೆಯುವ ಮೊದಲೇ ಡೋರ್ಕಸಳಿಗೆ ಗೊತ್ತಾಗಿತ್ತು.

"ಸಾಬೂನು ಹಚ್ಚಿಲ್ಲ," ಎಂದಳು.

ನಾರ್ದಿನಿ ತಲೆಯಾಡಿಸಿದ. ಬೇರೆ ಯಾರ ಮನೆಯಲ್ಲಾದರೂ ನಗುತ್ತಿದ್ದನೇನೋ. ಇಡೀ ಜೀವಮಾನ ಪ್ರತಿಮೆ ಮಾಡಿದ ಮನುಷ್ಯ ಅಚ್ಚಿಗೆ ಸಾಬೂನು ಹಚ್ಚುವುದನ್ನು ಮರೆತನೆಂದರೆ ಯಾರು ನಂಬುತ್ತಾರೆ? ಡೋರ್ಕಸ್ ನಂಬಿದಳು. ಮೊದಮೊದಲು ಹಚ್ಚಿದ್ದು ಅವಳು, ಆಮೇಲೆ ನಾರ್ದಿನಿ. ಆಂಬ್ರೋಸನ ಕೈಗೆ ಅಚ್ಚು ಬಂದದ್ದೆಲ್ಲ ಸಾಬೂನು ಹಚ್ಚಿಕೊಂಡೇ. ನೀಲಿ ಅವನ ಕಣ್ಣಿಗೆ ಕಾಣುತ್ತಿತ್ತು, ಅದನ್ನು ನೆನಪಿಟ್ಟು ಕಪಾಟಿನಿಂದ ಕದ್ದ. ಸಾಬೂನು ಕಾಣುವ ವಸ್ತುವಲ್ಲ. ಅದೇ ಕಪಾಟಿನ ಕೆಳತಟ್ಟಿನಲ್ಲಿ ಡಬ್ಬಿ ತುಂಬ ಇತ್ತು. ಅದನ್ನು ಅವನು ಮುಟ್ಟಿರಲೇ ಇಲ್ಲ.

ಈಗ ಏನು ಮಾಡುವುದೆಂದು ಅವಳು ಕೇಳಿದಳು. ಕೆತ್ತಿ ಕೆತ್ತಿ ನೀಲಿಯನ್ನೆಲ್ಲ ಕೆರೆದು ತೆಗೆದರೆ ಆಗದೇ?

"ಆಗುತ್ತೆ," ಎಂದ ನಾರ್ದಿನಿ. "ಒಳಗಿನದು ನೀರು ಪ್ಲಾಸ್ಟರು, ಬಲ ಇಲ್ಲ. ಮುಟ್ಟಿದ ಕಡೆ ಕಿತ್ತು ಬರುತ್ತೆ. ಮೂಗಿದ್ದಲ್ಲಿ ಗುಂಡಿ, ತುಟಿ ಇದ್ದಲ್ಲಿ ಗುಂಡಿ. ಆ ಗುಂಡಿಗಳನ್ನೆಲ್ಲ ಊಹೆ ಮೇಲೆ ತುಂಬಿ ತೀಡಿಕೊಡ್ತೀನಿ. ಆದ್ರೆ ಆಮೇಲೆ ಉಳಿಯೋ ಮುಖ ನಾನು ಮಾಡಿದ್ದಾಗುತ್ತೆ ಸಿನ್ಯೋರಾ, ಅವರು ಮಾಡಿದ್ದಲ್ಲ."

ಹೀಗೇ ಇಟ್ಟುಬಿಡಿ ಎಂದು ಅವನ ಸಲಹೆ. ಒಳಗೆ ಮುಖವಂತೂ ಇದೆ, ಚೆನ್ನಾಗಿಯೇ ಇದೆ, ಯಾರೂ ಕದಿಯುವುದಿಲ್ಲ ಎಂದು ಹೇಳಿ, ಉಳಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋದ.

ನೋಡಬೇಕೆಂದರೆ ಮುಖ ಹಾಳಾಗುತ್ತದೆ. ಮುಖ ಉಳಿಯಬೇಕೆಂದರೆ ನೋಡುವ ಹಾಗಿಲ್ಲ. ಡೋರ್ಕಸಳಿಗೆ ಊಟ ಸೇರದಾಯಿತು. ದಿನಕ್ಕೊಮ್ಮೆಯಾದರೂ ಸ್ಟುಡಿಯೊಗೆ ಹೋಗಿ ಆ ಉಂಡೆಯ ಮುಂದೆ ನಿಲ್ಲುತ್ತಿದ್ದಳು. ಕೈಯಿಂದ ತಡವುತ್ತಿದ್ದಳು, ಬೆರಳಿಗೆ ಏನಾದರೂ ಹೇಳೀತು ಎಂಬ ಹುಚ್ಚು ಆಸೆಯಿಂದ. ಒಮ್ಮೆ ಕಿವಿಯನ್ನೂ ಇಟ್ಟಳು, ಆಮೇಲೆ ಟಿಲ್ಲಿ ನೋಡಿಬಿಟ್ಟಳೇನೋ ಎಂದು ನಾಚಿಕೊಂಡಳು. ಕೊನೆಗೆ ಬಿಗುಮಾನವನ್ನೆಲ್ಲ ಬದಿಗಿಟ್ಟು ಐರಿಸ್ ವೋಸ್ಪರಳನ್ನು ಚಹಾಕ್ಕೆ ಕರೆದಳು.

ಐರಿಸ್ ಕಪ್ಪು ಟೋಪಿ ಹಾಕಿಕೊಂಡು ಬಂದು ಕುರ್ಚಿಯ ಅಂಚಿನಲ್ಲಿ ಕೂತಳು. ಯಾಕೆ ಕರೆದರೆಂದು ಅವಳಿಗೆ ಗೊತ್ತಿತ್ತು. ಚಹಾ ಬಗ್ಗಿಸುವ ಮೊದಲೇ ತಾನಾಗಿ ಹೇಳಿದಳು.

"ಅವರು ನನ್ನನ್ನ ಮಾಡಲಿಲ್ಲ, ಮಿಸೆಸ್ ಹ್ಯಾಲೆಟ್. ಸುಮ್ನೆ ಕೂರಿಸ್ತಿದ್ರು."

"ಸುಮ್ನೆ ಕೂರೋಕೆ ಮಾಡೆಲ್ ಯಾಕಮ್ಮ?"

"ನಾನೂ ಕೇಳ್ದೆ. ಕೋಣೇಲಿ ಒಂದು ಜೀವ ಉಸಿರಾಡ್ತಿರಬೇಕು, ಇಲ್ದಿದ್ರೆ ಮಣ್ಣು ಸತ್ತುಹೋಗುತ್ತೆ ಅಂದ್ರು. ನಾನು ಆ ಕಡೆ ಒಲೆ ಹತ್ರ ಕೂತು ಹೆಣಿಗೆ ಹಾಕ್ತಿದ್ದೆ. ನಡುವೆ ಪರದೆ. ಅವರು ಏನು ಮಾಡ್ತಿದಾರೆ ಅಂತ ಒಂದು ದಿನವೂ ತೋರಿಸಲಿಲ್ಲ. ಒದ್ದೆಬಟ್ಟೆ ಮುಚ್ಚಿದ ಮೇಲೇ ನನ್ನ ಏಳೋಕೆ ಬಿಡ್ತಿದ್ರು."

ಹುಡುಗಿಯ ಕಣ್ಣಲ್ಲಿ ಕಳ್ಳತನವಿರಲಿಲ್ಲ. ಆದರೆ ಮಾಡೆಲ್ಲುಗಳಿಗೆ ಮುಖ ನೆಟ್ಟಗೆ ಇಟ್ಟುಕೊಳ್ಳುವುದೇ ಕಸುಬು ಎಂದು ಡೋರ್ಕಸಳಿಗಿಂತ ಚೆನ್ನಾಗಿ ಯಾರು ಬಲ್ಲರು? ಅವಳೂ ಬೆನ್ನು ಸಿಡಿಯುತ್ತಿದ್ದಾಗ 'ಶಾಂತಿ'ಯಾಗಿ ನಿಂತವಳೇ. ನಂಬಲೂ ಆಗದೆ, ಬಿಡಲೂ ಆಗದೆ, ಕೈಗೆ ಕೆಲಸವಿರಲೆಂದು ಅವಳು ಕೇಕಿಗೆ ಚಾಕು ಹಾಕಿದಳು. ಟಿಲ್ಲಿ ಮಾಡಿದ್ದ ಕೇಕು. ಎರಡು ಹಾಸಿನ ನಡುವೆ ರಾಸ್ಪ್‌ಬೆರಿ ಜಾಮ್. ಟಿಲ್ಲಿಯ ಕೇಕು ಎಂದೂ ಸಮ ಉಬ್ಬಿದ್ದಿಲ್ಲ. ತುಂಡು ಮಗುಚಿ ತಟ್ಟೆಗೆ ಬಿದ್ದಾಗ ಕತ್ತರಿಸಿದ ಬದಿಯಲ್ಲಿ ಜಾಮಿನ ಗೆರೆ ಏರಿ, ತಗ್ಗಿ, ಮತ್ತೆ ಏರಿ ಆ ತುದಿಯಿಂದ ಈ ತುದಿಗೆ ಹರಿದಿತ್ತು.

ಡೋರ್ಕಸ್ ಚಾಕು ಹಿಡಿದುಕೊಂಡು ಆ ಗೆರೆಯನ್ನೇ ನೋಡುತ್ತ ಕೂತಳು. ಐರಿಸ್ ಕೆಮ್ಮಿದಳು.

"ಮಿಸೆಸ್ ಹ್ಯಾಲೆಟ್?"

"ತಗೋಮ್ಮ, ತಿನ್ನು," ಎಂದಳು ಡೋರ್ಕಸ್. "ಇನ್ನೊಂದು ತುಂಡು ಬೇಕಾದ್ರೂ ತಗೋ."

ಮರುದಿನ ಬೆಳಿಗ್ಗೆಯೇ ಅವಳು ನಾರ್ದಿನಿಯ ಅಂಗಡಿಗೆ ಹೋದಳು. ಗರಗಸ ತನ್ನಿ ಎಂದಳು. ಉಂಡೆಯನ್ನು ನಡುಮಧ್ಯದಲ್ಲಿ, ನೆತ್ತಿಯಿಂದ ಕತ್ತಿನವರೆಗೆ ಕೊಯ್ದರೆ ನೀಲಿಪದರವೂ ಕೊಯ್ದುಕೊಳ್ಳುತ್ತದೆ. ಅದರ ಹೊರಅಂಚು ಹೇಗಾದರೂ ಇರಲಿ, ಒಳಅಂಚು ಮಣ್ಣಿನ ತಲೆಯನ್ನು ಮುಟ್ಟಿಕೊಂಡಿದ್ದದ್ದು. ಹಣೆ, ಮೂಗು, ತುಟಿ, ಗದ್ದ, ಎಲ್ಲವೂ ಗೆರೆಯಾಗಿ ಅಲ್ಲಿ ಇದ್ದೇ ಇರುತ್ತದೆ.

ನಾರ್ದಿನಿ ಯೋಚಿಸಿದ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದ, ಸಿಗಲಿಲ್ಲ. ಅದೇ ಅವನಿಗೆ ಸಂಕಟವಾಯಿತು.

"ಮುಖ ಎರಡು ಹೋಳಾಗುತ್ತೆ. ಮತ್ತೆ ಕೂಡೋದಿಲ್ಲ. ಆ ಮನುಷ್ಯ ಕೊನೇದಾಗಿ ಮಾಡಿದ್ದು ಅದು. ಬರೀ ಒಂದು ಗೆರೆಗೋಸ್ಕರ."

"ಗೆರೆ ಸಾಕು."

"ಒಂದು ಗೆರೇಲಿ ಏನು ಗೊತ್ತಾಗುತ್ತೆ?"

"ಮೂಗು ಗೊತ್ತಾಗುತ್ತೆ," ಎಂದಳು ಡೋರ್ಕಸ್.

ನಾರ್ದಿನಿ ಅವಳ ಮೂಗನ್ನು ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದ. ಕುತ್ತಿಗೆಯವರೆಗಿನ ದೇವತೆಯ ಮಾತು ಆ ಕಾಲಕ್ಕೆ ಸ್ಟುಡಿಯೊಗಳಲ್ಲೆಲ್ಲ ಓಡಾಡಿತ್ತು. ಅವನೂ ಎರಡು ಕಡೆ ಹೇಳಿ ನಗಿಸಿದ್ದನೇನೋ. ಗರಗಸ ಆರಿಸಿಕೊಂಡು ಅವಳ ಹಿಂದೆಯೇ ಸ್ಟುಡಿಯೊಗೆ ಬಂದ.

ಅಚ್ಚಿನ ಎರಡು ಭಾಗ ಕೂಡಿದ ಸಂದು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ನೆತ್ತಿಯ ಮೇಲಿಂದ ಹಾದಿತ್ತು. ಅದಕ್ಕೆ ಅಡ್ಡಲಾಗಿ ಕೊಯ್ದರೆ ಗರಗಸ ಮುಖದ ನಟ್ಟನಡುವೆ ಹಾಯುತ್ತದೆ. ನಾರ್ದಿನಿ ದಾರ ಹಿಡಿದು ಮಧ್ಯ ಅಳೆದು ಪೆನ್ಸಿಲ್ಲಿನಿಂದ ಗೀಟು ಹಾಕಿದ. ಒಳಗೆ ಕಬ್ಬಿಣದ ಸರಳು ಇಲ್ಲದಿರಲಪ್ಪ ಎಂದು ತನ್ನ ಭಾಷೆಯಲ್ಲಿ ಯಾವುದೋ ಸಂತನನ್ನು ಕೇಳಿಕೊಂಡ. ಎರಡು ಹಿಡಿಯ ಉದ್ದ ಗರಗಸ. ಆ ಕಡೆ ಹಿಡಿಯಲು ತನ್ನ ಮಗನನ್ನು ಕರೆತರುತ್ತೇನೆ ಎಂದಿದ್ದ. ಡೋರ್ಕಸ್ ಒಪ್ಪಿರಲಿಲ್ಲ. ತೋಳು ಮಡಚಿ ತಾನೇ ಹಿಡಿದಳು. ಎಷ್ಟಾದರೂ ಜನ ಹೊಗಳಿದ ತೋಳು.

ಮೊದಲು ಬಿಳಿ ಪುಡಿ ಬಿತ್ತು. ನೆತ್ತಿಯ ಹತ್ತಿರ ಪುಡಿ ನೀಲಿಯಾಯಿತು, ಆಮೇಲೆ ಮತ್ತೆ ಬಿಳಿಯಾಯಿತು. ಈಗ ತಲೆಯೊಳಗಿದ್ದೇವೆ ಎಂದ ನಾರ್ದಿನಿ. ಎಳೆದರು, ತಳ್ಳಿದರು. ಟಿಲ್ಲಿ ಚಹಾ ತಂದು ಬಾಗಿಲಲ್ಲೇ ನಿಂತಳು, ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಅರ್ಧ ದಾಟಿರಬೇಕು, ಡೋರ್ಕಸ್ ಕೈ ನಿಲ್ಲಿಸಿದಳು. ಗರಗಸ ಮೂಗಿನ ಎತ್ತರಕ್ಕೆ ಬಂದಿತ್ತು.

ಅವಳಿಗೆ ಹೆದರಿಕೆಯಾಯಿತು. ಐರಿಸಳ ಮುಖ ಸಿಕ್ಕೀತೆಂದು ಮಾತ್ರವಲ್ಲ. ಇಷ್ಟು ವರ್ಷ ಅವಳು ಗೊತ್ತಿಲ್ಲ ಎಂಬುದರ ಮೇಲೆ ಸಂಸಾರ ಮಾಡಿಕೊಂಡು ಬಂದಿದ್ದಳು. ಗೊತ್ತಿಲ್ಲ ಎಂಬುದರಲ್ಲಿ ಚೂರು ಆಸೆಗೂ ಜಾಗವಿತ್ತು. ಇನ್ನು ನಾಲ್ಕು ಎಳೆತಕ್ಕೆ ಆ ಜಾಗವೂ ಹೋಗುತ್ತದೆ.

"ನಿಲ್ಲಿಸೋಣವಾ?" ಎಂದ ನಾರ್ದಿನಿ.

"ಎಳೀರಿ," ಎಂದಳು.

ಕಬ್ಬಿಣ ಇರಲಿಲ್ಲ. ಕೊನೆಯ ಎಳೆತಕ್ಕೆ ಉಂಡೆ ಸಡಿಲವಾಗಿ, ಎರಡು ಹೋಳು ಹಲಗೆಯ ಮೇಲೆ ಆಚೆಗೊಂದು ಈಚೆಗೊಂದು ಒರಗಿದವು. ಕೊಯ್ದ ಬದಿಗೆಲ್ಲ ಪುಡಿ ಮೆತ್ತಿತ್ತು. ನಾರ್ದಿನಿ ಒದ್ದೆಬಟ್ಟೆ ತಂದು ಒಂದು ಹೋಳನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಲ ಒರೆಸಿ, ಗಾಜಿನ ಮಾಡಿನ ಬೆಳಕಿಗೆ ತಿರುಗಿಸಿಟ್ಟ.

ಬಿಳಿಯ ನಡುವೆ ನೀಲಿ ಗೆರೆ ಎದ್ದುಬಂತು. ಸ್ವಲ್ಪ ಮುಂದಕ್ಕೆ ಚಾಚಿದ ಹಣೆ. ಹಣೆಯ ಬುಡದಿಂದ ಮೂಗು ಹೊರಟಿತು. ದಾರ ಹಿಡಿದಂತೆ ಇಳಿಯಲಿಲ್ಲ, ಮಧ್ಯದಲ್ಲಿ ಗಂಟು ಹತ್ತಿ ಇಳಿಯಿತು. ಗೇಟು ಬಡಿದ ಗಂಟು. ಕೆಳಗೆ ಒಳಕ್ಕೆ ಹೋದ ತುಟಿ. ಆಂಬ್ರೋಸ್ ಗಂಟನ್ನು ತೀಡಿ ಸಣ್ಣದು ಮಾಡಿರಲಿಲ್ಲ. ಅದು ಹಳೆಯ ದಿನಗಳ ಡೋರ್ಕಸಳೂ ಅಲ್ಲ, 'ಭರವಸೆ'ಗೆ ನಿಂತ ಹುಡುಗಿಯೂ ಅಲ್ಲ. ಗದ್ದದ ಕೆಳಗೆ ಗೆರೆ ಜೋತುಬಿದ್ದು ಇನ್ನೊಂದು ಸಣ್ಣ ಗದ್ದವಾಗಿ ಕತ್ತಿಗೆ ಸೇರಿತ್ತು. ಹಿಂದೆ ಕತ್ತಿನ ಗುಂಡಿಯ ಮೇಲೆ, ಈ ಚಳಿಗಾಲದಲ್ಲಿ ಅವಳು ಕಟ್ಟಿಕೊಳ್ಳಲು ತೊಡಗಿದ್ದ ತೆಳ್ಳನೆಯ ಜುಟ್ಟಿನ ಗಂಟೂ ಇತ್ತು.

ನಾರ್ದಿನಿ ಗೆರೆಯನ್ನು ನೋಡಿದ, ಪಕ್ಕದಲ್ಲಿ ನಿಂತ ಹೆಂಗಸನ್ನು ನೋಡಿದ, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಾಗಿಲಲ್ಲಿ ಟಿಲ್ಲಿ ಅಯ್ಯೋ ದೇವರೇ ಎಂದಳು. ಡೋರ್ಕಸ್ ಹೋಳಿನ ಹತ್ತಿರ ಬಂದಳು. ಆಮೇಲೆ ಗದ್ದದ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟಳು.

"ಇಷ್ಟೊಂದು ಇದೆಯಾ ನಂಗೆ?"

"ಇಲ್ಲ ಸಿನ್ಯೋರಾ," ಎಂದ ನಾರ್ದಿನಿ. "ಅಚ್ಚು ತೆಗೆಯೋವಾಗ ಮಣ್ಣು ಜಾರಿರುತ್ತೆ."

"ಸುಳ್ಳು ಹೇಳ್ಬೇಡಿ. ಅವನು ಎಡಗಡೆ ಕೂತು ನೋಡಿದಾನೆ."

ಗಾಳಿಯೂ ಇರಲಿಲ್ಲ, ಮಾರ್ಮಲೇಡೂ ಬೇಕಿರಲಿಲ್ಲ. ಚಳಿಗಾಲ ಪೂರ್ತಿ ಆ ಮುದುಕ ತಿಂಡಿಯ ಮೇಜಿನಲ್ಲಿ ಅವಳ ಮುಖ ಕದ್ದು ನೋಡಿ, ಕಣ್ಣಲ್ಲಿ ತುಂಬಿಕೊಂಡು, ಬಾಗಿಲು ಹಾಕಿಕೊಂಡು ನಡುಗುವ ಕೈಯಿಂದ ಅದನ್ನು ಮಣ್ಣಿಗೆ ಇಳಿಸಿದ್ದ. ಕೊನೆಗೆ ಒಂದೇ ಒಂದು ಕೆಲಸ ಉಳಿದಿತ್ತು, ಮದುವೆಯ ಹೊಸದರಲ್ಲಿ ಅವಳದೇ ಆಗಿದ್ದ ಸಾಬೂನು ಹಚ್ಚುವ ಕೆಲಸ. ಅದನ್ನು ಮಾತ್ರ ಅವಳಿಂದ ಮುಚ್ಚಿಟ್ಟು ಮಾಡಲು ಹೋಗಿ ಕೆಡಿಸಿದ್ದ.

ಡೋರ್ಕಸ್ ಸ್ಟೂಲಿನ ಮೇಲೆ ಕೂತಳು. ಅವನು ತೀರಿಕೊಂಡ ಫೆಬ್ರುವರಿಯಿಂದ ಬಾರದಿದ್ದ ಅಳು ಈಗ ಬಂತು. ನಾರ್ದಿನಿ ಅತ್ತ ತಿರುಗಿ ಗರಗಸ ಒರೆಸತೊಡಗಿದ. ಅವಳು ನೀಲಿ ಪುಡಿ ಮೆತ್ತಿದ ಕೈಯಿಂದಲೇ ಮುಖ ಒರೆಸಿಕೊಂಡು, ಹೋಳಾದ ತಲೆಯ ಕಡೆ ಬಾಗಿ, ಪಕ್ಕದಲ್ಲೇ ಕೂತವನಿಗೆ ಹೇಳುವ ಹಾಗೆ ಹೇಳಿದಳು:

"ಬಂದು ಒಂದು ಮಾತು ಕೇಳಬಾರದಿತ್ತಾ, ಆಂಬ್ರೋಸ್? ಒಳಗೇನಿದೆ ಅಂತ ನೋಡ್ತಾನೇ ಇರಲಿಲ್ಲ ನಾನು. ಕಣ್ಣು ಮುಚ್ಚಿಕೊಂಡೇ ಹಚ್ಚಿಕೊಡ್ತಿದ್ದೆ."